ತಪ್ಪು ಜಾಸ್ತಿ ಆದ್ರ ಮಗಳು ಹಿಂದ ಬಿದ್ದಂಗಲ್ರಿ

ಪ್ರಶ್ನೆ: ನಮಸ್ಕಾರ್ರಿ. ನನ್ನ ಮಗಳು ಹತ್ತನೇತ್ತಾ ತನ ಕನ್ನಡ ಮೀಡಿಯಂ, ಈಗ ನರ್ಸಿಂಗ್ ಮುಗಿಸ್ಯಾಳ, ಹೊರದೇಶಕ್ಕ ಹೋಗ್ಬೇಕಂತ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷಾದ ಕ್ಲಾಸಿಗಿ ಹಾಕೀವಿ. ಮೂರು ತಿಂಗಳ ಹಿಂದ ಮಾಕ್ ಟೆಸ್ಟ್‌ನಾಗ ಸ್ಪೀಕಿಂಗ್ (ಮಾತಾಡೋ ಭಾಗ) 9ಕ್ಕ 5.5 ಬಂದಿತ್ತು, ಈಗೂ ಅಷ್ಟೇ. ಮೊದ್ಲು "ವೇರ್ ಈಸ್ ದ ಸೂಪರ್ ಮಾರ್ಕೆಟ್?" ಅಂತ ಸರಿ ಕೇಳ್ತಿದ್ಳು, ಈಗ "ಐ ಡೋಂಟ್ ನೋ ವೇರ್ ಈಸ್ ದ ಸೂಪರ್ ಮಾರ್ಕೆಟ್" ಅಂತಾಳ, ಅದು ತಪ್ಪಂತ. ರೊಕ್ಕ ನೀರಾಗ ಹೋಯ್ತೇನ್ರಿ?
– ಒಬ್ಬ ತಂದಿ, ಕಲಬುರಗಿ

ಉತ್ತರ: ಅಣ್ಣಾರ, ರೊಕ್ಕ ಎಲ್ಲೂ ಹೋಗಿಲ್ರಿ, ನೀವು ಬರ್ದ ಆ ಎರಡು ವಾಕ್ಯದಾಗೇ ಮಗಳು ಎಷ್ಟು ಮುಂದ ಬಂದಾಳ ಅನ್ನೋದು ಕಾಣ್ತದ. ನಮ್ಮ ಮಾತಿನಾಗ "ಸೂಪರ್ ಮಾರ್ಕೆಟ್ ಎಲ್ಲದ?" ಅಂತೀವಿ, "ಸೂಪರ್ ಮಾರ್ಕೆಟ್ ಎಲ್ಲದ ಗೊತ್ತಿಲ್ಲ" ಅಂತೀವಿ, ಒಂದು ಶಬ್ದನೂ ಜಾಗ ಬಿಡಂಗಿಲ್ಲ. ಇಂಗ್ಲಿಷಿನಾಗ ಹಂಗಲ್ಲ, ಪ್ರಶ್ನೆ ಕೇಳುವಾಗ "ಈಸ್" ಮುಂದ ಬರ್ಬೇಕು, ಅದೇ ಪ್ರಶ್ನೆ ದೊಡ್ಡ ವಾಕ್ಯದ ಒಳಗ ಹೋದ್ರ ತಿರುಗಿ ಹಿಂದ ಹೋಗ್ಬೇಕು: "ವೇರ್ ದ ಸೂಪರ್ ಮಾರ್ಕೆಟ್ ಈಸ್". ಮ್ಯಾನ್‌ಫ್ರೆಡ್ ಪೀನೆಮನ್ ಅನ್ನೋ ಭಾಷಾ ವಿದ್ವಾಂಸರು ಇಂಗ್ಲಿಷ್ ಕಲಿಯೋರು ದಾಟೋ ಮೆಟ್ಟಲು ಗುರ್ತು ಮಾಡ್ಯಾರ, ಮೊದ್ಲು ಬಿಡಿ ಶಬ್ದ, ಆಮ್ಯಾಲ ಸಾದಾ ವಾಕ್ಯ, ಹಂಗೇ ಮುಂದ ಮುಂದ, ಅದ್ರಾಗ ಕಟ್ಟಕಡಿ ಮೆಟ್ಟಲು ಈ "ಈಸ್" ತಿರುಗಿ ಹಿಂದ ಕಳಿಸೋದೇ ನೋಡ್ರಿ. ನಡುವಿನ ಮೆಟ್ಟಲು ಜಿಗಿದು ಹೋಗ್ಲಾಕ ಬರಂಗಿಲ್ಲ, ಎಷ್ಟೇ ಪಾಠ ಹೇಳಿದ್ರೂ, ಅಂತ ಅವರು 1984ರಾಗೇ ಹೇಳಿದ್ರು. ನಿಮ್ಮ ಮಗಳು ಕಡಿ ಮೆಟ್ಟಲಿಗಿ ಕಾಲು ಚಾಚ್ಯಾಳ, ಇನ್ನಾ ಊರಿಲ್ಲ ಅಷ್ಟೇ.

ಹಂಗಂದ್ರ ಟೆಸ್ಟ್ ಯಾಕ ಅಷ್ಟೇ ತೋರಿಸ್ತದ? ಮೆಟ್ಟಲು ಲೆಕ್ಕ ಹಾಕೋರು ಹೊಸ ವಾಕ್ಯರಚನೆ ಮಾತಿನಾಗ ಹುಟ್ಟಿತೇನು ಅಂತ ನೋಡ್ತಾರ, ಟೆಸ್ಟ್ ಮಾಡೋರು ಎಷ್ಟು ಸರಿ ಬಂತು ಅನ್ನೋದನ್ನೂ ಹಿಡೀತಾರ. ಎರಡೂ ಒಂದೇ ಗೆರಿ ಮ್ಯಾಲ ಬರಂಗಿಲ್ಲ. ಯುರೋಪಿನವ್ರು 2001ರಾಗ ಪ್ರಕಟ ಮಾಡಿದ ಎ1ರಿಂದ ಸಿ2 ತನ ಭಾಷಾ ಅಳಿಯೋ ಆರು ಲೆವೆಲ್ ಅದಾವಲ್ಲ, ಅವೂ ಮನುಷ್ಯ ಆ ಭಾಷಾದಾಗ ಏನೇನು ಮಾಡಬಲ್ಲ ಅಂತ ಹೇಳ್ತಾವ, ತಲ್ಯಾಗ ವ್ಯಾಕರಣ ಯಾವ ಸರದಿಯಾಗ ಬೆಳೀತದ ಅಂತ ಅಲ್ಲ.

ಆದ್ರ ಐಇಎಲ್‌ಟಿಎಸ್ ಸ್ಪೀಕಿಂಗ್‌ನಾಗ ವ್ಯಾಕರಣ ನಾಕರಾಗ ಒಂದು ಭಾಗ, ಉಳಿದಿದ್ದು ಸರಾಗ ಮಾತು, ಶಬ್ದಭಂಡಾರ, ಉಚ್ಚಾರ. 6 ಬ್ಯಾಂಡಿನ (ಅಂದ್ರ 6 ಅಂಕದ) ವರ್ಣನೆಯಾಗ ದೊಡ್ಡ ವಾಕ್ಯದಾಗ ತಪ್ಪು ಮ್ಯಾಲಿಂದ ಮ್ಯಾಲ ಆಗಬಹುದು, ಅದ್ರಿಂದ ಅರ್ಥ ಕೆಡೋದು ಮಾತ್ರ ಅಪರೂಪ ಅಂತನೇ ಅದ. ಅದಕ್ಕ ಅಕಿ ಹೆದರಿ ತಿರುಗಿ ಸಣ್ಣ ಸಣ್ಣ ವಾಕ್ಯಕ್ಕ ಹೋಗಂಗ ಮಾಡಬ್ಯಾಡ್ರಿ, ಇದೊಂದು ಕೈಮುಗಿದು ಕೇಳ್ತೀನಿ. ರಾತ್ರಿ ಊಟ ಆದ್ಮ್ಯಾಲ ಪೇಷಂಟ್ ಏನು ಕೇಳಿದ್ರು, ಡಾಕ್ಟರ್ ಏನಂದ್ರು ಅನ್ನೋದನ್ನ ಇಂಗ್ಲಿಷಿನಾಗ ಹೇಳ್ಲಿ, ಎರಡು ನಿಮಿಷ ಸಾಕು, ಫೋನಿನಾಗ ರೆಕಾರ್ಡ್ ಮಾಡಿಡ್ರಿ. ಮುಂದಿನ ತಿಂಗಳು ಆ "ಈಸ್" ಎಲ್ಲಿ ಕುಂತದ ಅಂತ ಅಕಿನೇ ಕೇಳಿ ನೋಡ್ಲಿ.