ಚಿಂದೋಡಿ ಲೀಲಾ ಸಿನಿಮಾ ನಟಿಯೋ, ನಾಟಕದವರೋ?

ಎರಡೂ ಹೌದು. ಆದರೆ ಮೊದಲು ನಾಟಕದವರು. ದಾವಣಗೆರೆಯಲ್ಲಿ ತಂದೆ ಚಿಂದೋಡಿ ವೀರಪ್ಪ ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲೇ ಬೆಳೆದರು, ಚಿಕ್ಕ ವಯಸ್ಸಿಗೇ ಬಣ್ಣ ಹಚ್ಚಿದರು.

ಕಂಪನಿ ನಾಟಕ ಸುಮ್ನೆ ಮಾತಲ್ಲ. ಊರೂರಲ್ಲಿ ಕ್ಯಾಂಪ್ ಹಾಕಿ, ತಿಂಗಳುಗಟ್ಟಲೆ ಅದೇ ಪಾತ್ರ ಮಾಡಬೇಕು. ಹಿಂದಿನ ಸಾಲಿನಲ್ಲಿ ಕೂತವರಿಗೂ ಪ್ರತಿ ಮಾತು ಮುಟ್ಟಬೇಕು. ‘ಪೊಲೀಸನ ಮಗಳು’ ನಾಟಕವನ್ನು ಜನ ಮತ್ತೆ ಮತ್ತೆ ನೋಡಿದ್ದು ಆ ಪಳಗಿದ ನಟನೆಗೇ ಅಲ್ವಾ!

ಸಿನಿಮಾದಲ್ಲಿ ಹೆಚ್ಚಾಗಿ ಪೋಷಕ ಪಾತ್ರಗಳು. ‘ಕಿತ್ತೂರು ಚೆನ್ನಮ್ಮ’, ‘ಶರಪಂಜರ’ದಲ್ಲಿ ಅವರನ್ನು ನೋಡಬಹುದು. ನನಗೆ ಅದಕ್ಕಿಂತ ಜಾಸ್ತಿ ಹೆಮ್ಮೆ, ಅವರು ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರ ನಿರ್ಮಿಸಿದ್ದಕ್ಕೆ. ಕಂಪನಿಯ ಕಷ್ಟಗಳ ನಡುವೆಯೂ ಗದಗಿನ ಸಂಗೀತಗುರುವಿನ ಕತೆ ತೆರೆಗೆ ತಂದರು.

1988ರಲ್ಲಿ ಪದ್ಮಶ್ರೀ ಬಂತು. 2010ರ ಜನವರಿಯಲ್ಲಿ ತೀರಿಕೊಂಡರು.