ಅಪ್ಪನ ಟ್ರಂಕಲ್ಲಿ ಸಿಕ್ಕ ಹೊಗೆಸೊಪ್ಪಿನ ಡಬ್ಬಿ

ಚಟ ಬಿಡಿಸೋ ಕೌನ್ಸೆಲರ್ ನಾನು. ತೀರಿಕೊಂಡೋರು ಬಿಟ್ಟುಹೋಗಿದ್ದನ್ನ ಒಂದೇ ಒಂದ್ಸಲ ತಗೊಳ್ಲಾ ಅಂತ ಚಟ ಬಿಟ್ಟೋರು ನನ್ನ ಹತ್ರ ಮತ್ತೆ ಮತ್ತೆ ಕೇಳ್ತಿದಾರೆ, ವಸ್ತು ಮಾತ್ರ ಬೇರೆ, ಒಬ್ರಿಗೆ ಮಾವ ಇಟ್ಟಿದ್ದ ಮಿಲಿಟರಿ ರಮ್ಮು, ಇನ್ನೊಬ್ರಿಗೆ ಅಜ್ಜಿಯ ನಶ್ಯದ ಡಬ್ಬಿ. ಅದಕ್ಕೇ ಬರೀತಿದೀನಿ. ಗುರುತು ಸಿಗಬಾರದು ಅಂತ ವಿವರ ಬದಲಾಯಿಸಿದೀನಿ.

ಈ ಸಲ ಕೇಳಿದೋರು ಕೋಲಾರದವರು, ಐವತ್ತು ದಾಟಿದೆ, ಸಿಗರೇಟ್ ಬಿಟ್ಟು ಇನ್ನೂ ವರ್ಷ ತುಂಬಿಲ್ಲ. ಅಪ್ಪ ಕೆಜಿಎಫ್ ಗಣಿ ಆಫೀಸಲ್ಲಿ ಗುಮಾಸ್ತರು. 1956ರಲ್ಲಿ ಸರ್ಕಾರ ಗಣಿ ತಗೊಂಡ ಮೇಲೆ ತನ್ನ ದೇಶಕ್ಕೆ ಹೊರಟ ದೊರೆಯೊಬ್ಬ ಕೊಟ್ಟ ಪೈಪ್ ಹೊಗೆಸೊಪ್ಪು, ಸೀಲ್ ಕೂಡ ಒಡೆದಿಲ್ಲ, ಅಪ್ಪ ತೀರಿಕೊಂಡ ಮೇಲೆ ಟ್ರಂಕಲ್ಲಿ ಸಿಕ್ಕಿದೆ. "ಒಂದೇ ಒಂದ್ಸಲ ಸೇದ್ಲಾ ಮೇಡಂ?"

ಮೊದಲ ದಿನ ಮಾತೆಲ್ಲ ಡಬ್ಬಿ ಬಗ್ಗೆನೇ. ಗಾಳಿ ಆಡದ ಹಾಗೆ ಸೀಲಾಗಿದ್ರೆ ವರ್ಜೀನಿಯಾ ಎಲೆ ಎಷ್ಟೋ ವರ್ಷ ಕೆಡಲ್ಲ, ರುಚಿ ಇನ್ನೂ ಹದವಾಗುತ್ತೆ, ಹಳೇ ಡಬ್ಬಿಗೆ ದುಡ್ಡು ಸುರಿಯೋರೂ ಇದಾರೆ ಅಂತ ಓದ್ಕೊಂಡೇ ಬಂದಿದ್ರು. ನಿಜಾನೇ. ಆದ್ರೆ ತಗಡಿಗೆ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತು ಬಿದ್ರೂ ಸಾಕು, ಒಳಗೆ ಒಣಗಿ ಪುಡಿಯಾಗಿರುತ್ತೆ ಇಲ್ಲಾ ಬೂಷ್ಟು ಹಿಡಿದಿರುತ್ತೆ. ಕೆಟ್ಟಿಲ್ಲ ಅಂತಾನೇ ಇಟ್ಕೊಳ್ಳಿ, ನಿಕೋಟಿನ್ ಎಲ್ಲೂ ಹೋಗಿರಲ್ಲ, ಹಚ್ಚಿದ್ರೆ ಟಾರು, ಕಾರ್ಬನ್ ಮೊನಾಕ್ಸೈಡು ಬಂದೇ ಬರುತ್ತೆ. ಪೈಪ್ ಹೊಗೇನ ಬಾಯಲ್ಲೇ ಇಟ್ಕೊಂಡು ಬಿಡ್ತಾರಲ್ಲ ಅಂದ್ರು, ಸಿಗರೇಟ್ ಎಳೆದು ಅಭ್ಯಾಸ ಇರೋರು ಅದನ್ನೂ ಎದೆಗೇ ಎಳೀತಾರೆ ಅಂದೆ, ಬಾಯಲ್ಲೇ ಇಟ್ಕೊಂಡ್ರೂ ಬಾಯಿ ಕ್ಯಾನ್ಸರ್ ಭಯ ತಪ್ಪಲ್ಲ.

ಎರಡನೇ ಸಲ ಬಂದಾಗ ಡಬ್ಬಿ ಮಾತೇ ಎತ್ತಲಿಲ್ಲ. ಸುಮಾರು ಹೊತ್ತು ಸುಮ್ನೆ ಕೂತಿದ್ದು ಆಮೇಲೆ ಹೇಳಿದ್ರು, "ಅಪ್ಪನ ಎದುರಿಗೆ ನಾನು ಯಾವತ್ತೂ ಸೇದಿಲ್ಲ ಮೇಡಂ. ಅವರು ದೂರದಲ್ಲಿ ಬರೋದು ಕಂಡ್ರೆ ಬೆಂಕಿ ಸಮೇತ ಅಂಗೈಲಿ ಮುಚ್ಕೊಂಡಿದೀನಿ. ಅವರಿಗೂ ಗೊತ್ತಿತ್ತು, ಕೇಳಲಿಲ್ಲ. ಒಂದ್ಸಲಾನಾದ್ರೂ ಅವರ ಪಕ್ಕ ಗೆಳೆಯನ ಥರ ಕೂತ್ಕೋಬೇಕಿತ್ತು."

ನಮ್ಮ ಕಡೆ ಎಷ್ಟು ಮನೇಲಿ ಅಪ್ಪ-ಮಗ ಹೀಗೇ ಒಬ್ರಿಗೊಬ್ರು ಮರೆಮಾಚ್ಕೊಂಡೇ ಬದುಕು ಮುಗಿಸ್ತಾರೆ! ಅವರಿಗೆ ಬೇಕಾಗಿದ್ದು ಅಪ್ಪನ ಪಕ್ಕ ಒಂದು ಜಾಗ, ಅದಕ್ಕೆ ಹೊಗೆ ಯಾಕೆ ಬೇಕು? ಹಿರಿಯರ ಹಬ್ಬಕ್ಕೆ ಎಡೆ ಇಡ್ತೀರಲ್ಲ, ಬೀಡಿ ಕಟ್ಟು, ಬ್ರಾಂದಿ ಎಲ್ಲ ಇಡೋದುಂಟು, ಈ ಡಬ್ಬೀನೂ ಸೀಲ್ ಒಡೀದೆ ಅಲ್ಲೇ ಇಡಿ, ಎದುರಿಗೆ ಕೂತು ಮಾತಾಡಿ, ಆಮೇಲೆ ನಿಮ್ಮ ಮನೇಲಿ ಇಟ್ಕೋಬೇಡಿ ಅಂತ ಹೇಳ್ದೆ.

ಪರಿಚಯದ ಇನ್ನೊಬ್ಬ ಕೌನ್ಸೆಲರ್‌ಗೆ ಇದು ಸರಿ ಕಾಣಲಿಲ್ಲ, ಬಿಸಾಕಿ ಅಂತ ಖಡಾಖಂಡಿತವಾಗಿ ಹೇಳ್ಬೇಕಿತ್ತು ಅಂದ್ರು. ಸತ್ತವರ ವಸ್ತು ಬಿಸಾಕು ಅಂದ್ರೆ ಜನ ತಲೆ ಆಡಿಸಿ ಹೋಗ್ತಾರೆ, ಒಬ್ರೇ ಕೂತು ಸೇದ್ತಾರೆ, ಮತ್ತೆ ನಮ್ಮ ಹತ್ರ ಬರೋದೇ ಇಲ್ಲ. ನಾನು ನೋಡಿರೋ ಹಾಗೆ ಬಿಟ್ಟೋರು ವಾಪಸ್ ಶುರು ಮಾಡೋದು ಇಂಥ "ಒಂದೇ ಒಂದ್ಸಲ"ದಿಂದಾನೇ, ಅದಕ್ಕೇ ಹಚ್ಚಬೇಡಿ ಅನ್ನೋದ್ರಲ್ಲಿ ಮಾತ್ರ ನಾನು ರಾಜಿ ಆಗಲ್ಲ.

ಎಡೆ ಮುಂದೆ ಕೂತು ಎಲ್ಲ ಹೇಳ್ಕೊಂಡ್ರಂತೆ, ಸಿಗರೇಟ್ ಬಿಟ್ಟಿರೋ ವಿಷಯಾನೂ. ಡಬ್ಬಿ ಈಗ ಮಾಲೂರಲ್ಲಿ ಅಕ್ಕನ ಮನೇಲಿದೆ. ಚಟ ಎಳೆದಾಗ ತಂಬಾಕು ಬಿಡಿಸೋ ಸರ್ಕಾರಿ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ ಅಂತ ಬರೆದು ಕೊಟ್ಟಿದೀನಿ, ನಿಮಗೂ ಬೇಕಾದ್ರೆ ಬರ್ಕೊಳ್ಳಿ, ದುಡ್ಡು ಬೀಳಲ್ಲ.