ಡಂಪ್ಲಿಂಗ್ ಒಳಗೆ ಹಸಿ ಹಿಟ್ಟು ಉಳಿಯುತ್ತಿದ್ದರೆ

ಚಿಕನ್ ಸ್ಟ್ಯೂ (ಕೋಳಿ ಸಾರು) ಚೆನ್ನಾಗಿ ಬರುತ್ತದೆ, ಆದರೆ ಅದರಲ್ಲಿ ಬೇಯಿಸುವ ಮೈದಾ ಉಂಡೆ, ಅಂದರೆ ಡಂಪ್ಲಿಂಗ್ ಮಾತ್ರ ಹೊರಗೆ ಅಂಟಂಟು, ಒಳಗೆ ಹಸಿ ಅಂದಿದ್ದೀರಿ. ನಡುವೆ ಮುಚ್ಚಳ ತೆಗೆದು ನೋಡುತ್ತೀರಾ? ಹಾಗಿದ್ದರೆ ಮೊದಲು ಅದನ್ನು ನಿಲ್ಲಿಸಿ. ಅಮೆರಿಕದ ಮನೆಗಳಲ್ಲಿ ಮಾಡುವ ಈ ಡಂಪ್ಲಿಂಗ್‌ನ ಕೆಳಭಾಗ ಸಾರಿನಲ್ಲಿ ಬೇಯುತ್ತದೆ, ಮೇಲ್ಭಾಗ ಬೇಯುವುದು ಹಬೆಯಲ್ಲೇ. ಮುಚ್ಚಳ ತೆಗೆದರೆ ಹಬೆ ಹೋಯಿತು, ಅಲ್ವಾ? ಬಿಗಿಯಾಗಿ ಮುಚ್ಚಿ, ಸಣ್ಣ ಉರಿಯಲ್ಲಿ 15 ನಿಮಿಷ ಬಿಡಿ. ಕೊತಕೊತ ಕುದಿಸಬೇಡಿ, ಹಿಟ್ಟು ಒಡೆದು ಸಾರಿಗೆ ಸೇರಿಬಿಡುತ್ತದೆ.

1 ಕಪ್ ಮೈದಾಗೆ ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್ (ಅಡುಗೆ ಸೋಡಾ ಅಲ್ಲ), ಅರ್ಧ ಟೀ ಚಮಚ ಉಪ್ಪು, 2 ದೊಡ್ಡ ಚಮಚ ಕರಗಿಸಿದ ಬೆಣ್ಣೆ, ಅರ್ಧ ಕಪ್ ಹಾಲು. ಒಣ ಹಿಟ್ಟು ಕಾಣದಷ್ಟು ಚಮಚದಲ್ಲಿ ಕಲಸಿದರೆ ಸಾಕು. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಮೈದಾದ ಗ್ಲುಟೆನ್ (ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಬಿಗಿದು ಗಟ್ಟಿಯಾಗುತ್ತದೆ. ನಿಂಬೆಗಿಂತ ದೊಡ್ಡ ಉಂಡೆ ಬೇಡ, ಉಬ್ಬುವುದಕ್ಕೆ ಜಾಗವೂ ಬಿಡಿ.

ಸೊಪ್ಪಿನ ವಿಷಯಕ್ಕೆ, ಅಮೆರಿಕದಲ್ಲಿ ಪಾರ್ಸ್ಲಿ, ಥೈಮ್ ಹಾಕುವುದು ಜಾಸ್ತಿ. ನನಗೆ ಸಬ್ಬಸಿಗೆಯೇ ಇಷ್ಟ, ಕೋಳಿ ಸಾರಿಗೆ ಅದರ ಘಮ ತುಂಬಾ ಹೊಂದುತ್ತದೆ. ದಂಟು ತೆಗೆದು ಸಣ್ಣಗೆ ಹೆಚ್ಚಿ, ಅದರಲ್ಲಿ 2 ಚಮಚದಷ್ಟನ್ನು ಹಿಟ್ಟಿಗೇ ಸೇರಿಸಿ.

ಒಂದು ಮಾತು: ಕೋಳಿ ಪೂರ್ತಿ ಬೆಂದ ಮೇಲೆಯೇ ಉಂಡೆ ಹಾಕಿ.